ಅಲಗಿಗೆ ಸಿಕ್ಕ ಕಾಗದ

ಆಗ ನನಗೆ ಹನ್ನೊಂದು ವರ್ಷ. ಅದಾಗಿ ಐವತ್ತೇಳು ವರ್ಷ ಕಳೆಯಿತು. ಮದುವೆ ಆಯಿತು, ಗಂಡ ಸತ್ತ, ನಾಲ್ಕು ಮನೆ ಬದಲಾಯಿಸಿದೆ, ಮೊಣಕಾಲಿನ ಆಪರೇಷನ್ನೂ ಆಯಿತು. ಎಷ್ಟೋ ಮರೆತೂ ಹೋಯಿತು. ಆ ಒಂದು ಸೋಮವಾರ ಮಾತ್ರ ಹೋಗಿಲ್ಲ. ಅದರ ದುಃಖ ಈಗ ಇಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಹೀಗೂ ಆಗುತ್ತದಾ ಅಂತ ಅವತ್ತು ತೆರೆದ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ.

ನಾವಿದ್ದದ್ದು ದೆಹಲಿಯ ಮುನಿರ್ಕಾದಲ್ಲಿ. ಈಗ ಅಲ್ಲಿ ಬೆಂಕಿಪೊಟ್ಟಣ ಒಂದರ ಮೇಲೊಂದು ಇಟ್ಟಂಥ ಕೋಣೆಗಳಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಇರುತ್ತಾರೆ. ಆಗ ಅದು ಹಳ್ಳಿ. ಎಮ್ಮೆ, ಬೆರಣಿ, ಹುಕ್ಕಾ. ಚೌಧರೈನ್ ಅಂತ ಎಲ್ಲರೂ ಕರೆಯುತ್ತಿದ್ದ ಮನೆಯೊಡತಿ ತನ್ನ ಎಮ್ಮೆ ಕೊಟ್ಟಿಗೆಯ ಪಕ್ಕದ ಒಂದು ಕೋಣೆಯನ್ನೂ ಅದರ ಮುಂದಿನ ತಗಡಿನ ಮಾಡನ್ನೂ ನಮಗೆ ಬಾಡಿಗೆಗೆ ಕೊಟ್ಟಿದ್ದಳು. ಕೋಣೆಯಲ್ಲಿ ಒಂದು ಮೂಲೆ ಸ್ಟೌವಿಗೆ, ಒಂದು ಮೂಲೆ ದೇವರಿಗೆ, ಒಂದು ಮೂಲೆ ಅಕ್ಕಿ ಡಬ್ಬಕ್ಕೆ. ಮಿಕ್ಕದ್ದೆಲ್ಲ ಹುಲ್ಲು ಕತ್ತರಿಸುವ ಮಿಷನ್ನುಗಳಿಗೆ. ಮಾಡಿನ ಕೆಳಗೆ ಜಾಗ ಸಾಲದಿದ್ದರೆ ಅವು ಒಳಗೆ ಬರುತ್ತಿದ್ದವು. ಅಪ್ಪಯ್ಯ, ಅಮ್ಮ, ನಾನು, ಮೂರು ಜನ ಅವುಗಳ ಸಂದಿಯಲ್ಲಿ ಮಲಗುತ್ತಿದ್ದೆವು. ನಿದ್ದೆಯಲ್ಲಿ ಕೈ ಚಾಚಿದರೆ ಕಬ್ಬಿಣ. ಬೇರೆ ಮಕ್ಕಳಿಗೆ ಒಲೆಯ ಹತ್ತಿರ ಹೋಗಬೇಡ ಅಂತ ಹೇಳುತ್ತಾರೆ. ನನಗೆ ಹೇಳುತ್ತಿದ್ದದ್ದು ಮಿಷನ್ನಿನ ಮುಂದೆ ಮಲಗಬೇಡ, ಹಿಂದೆ ಮಲಗು ಅಂತ.

ಕುಂದಾಪುರದ ಕಡೆಯ ಕಮ್ಮಾರರು ನಾವು. ಅಪ್ಪಯ್ಯ ದೆಹಲಿಗೆ ಬಂದದ್ದು ನಮ್ಮ ಕಡೆಯವರದೇ ಒಂದು ಹೋಟೆಲಿನ ಜೊತೆ. ಅಡಿಗೆಮನೆಯ ಕತ್ತಿ, ಕಾಯಿ ತುರಿಯುವ ಮಣೆ, ಸೌಟಿನ ಹಿಡಿ, ಇವನ್ನೆಲ್ಲ ಸರಿ ಮಾಡುವುದು ಕೆಲಸ. ಒಂದು ದಿನ ಗಿರಾಕಿ ಹೆಚ್ಚಾಗಿ ಯಜಮಾನರು ತಟ್ಟೆ ತೊಳೆಯಲು ಹೇಳಿದರಂತೆ. ಅಪ್ಪಯ್ಯ ಸುತ್ತಿಗೆ ಎತ್ತಿಕೊಂಡು ಹೊರಗೆ ಬಂದವರು ತಿರುಗಿ ಹೋಗಲಿಲ್ಲ. ಎಂಜಲು ಬಳಿಯುವುದಕ್ಕಿಂತ ಉಪವಾಸ ಒಳ್ಳೆಯದು ಅಂತ ಅವರ ಲೆಕ್ಕ. ಉಪವಾಸ ಬಿದ್ದವಳು ಅಮ್ಮ. ಆಮೇಲೆ ಯಾವುದೋ ಬಂಗಲೆಯ ಮಾಲಿ ಮೊಂಡು ಮಿಷನ್ನು ದೂಡಿ ದೂಡಿ ಬೆವರುತ್ತಿದ್ದದ್ದನ್ನು ನೋಡಿ, ಕೊಡು ಇಲ್ಲಿ ಅಂತ ಕೇಳಿ ಹರಿತ ಮಾಡಿ ಕೊಟ್ಟರು. ಅಲ್ಲಿಂದ ಅವರು ಮದ್ರಾಸಿ ಮಿಸ್ತ್ರಿ ಆದರು. ಸರೋಜಿನಿ ನಗರದ ಸರಕಾರಿ ಮನೆಗಳ ಅಂಗಳದ ಸಣ್ಣ ಮಿಷನ್ನುಗಳಿಂದ ಹಿಡಿದು ದೊಡ್ಡ ದೊಡ್ಡ ತೋಟಗಳಲ್ಲಿ ಎತ್ತು ಎಳೆಯುವ ಮಿಷನ್ನುಗಳವರೆಗೆ ಬಂದವು. ಆ ಎತ್ತುಗಳ ಕಾಲಿಗೆ ಚರ್ಮದ ಬೂಟು ಹಾಕುತ್ತಿದ್ದರು, ಗೊರಸಿನಿಂದ ಹುಲ್ಲು ಹಾಳಾಗಬಾರದಂತೆ. ನನ್ನ ಕಾಲಿಗೆ ಚಪ್ಪಲಿ ಇರಲಿಲ್ಲ.

ಆ ಮಿಷನ್ನು ಈಗಿನ ಪೆಟ್ರೋಲಿನದ್ದಲ್ಲ. ಒಂದು ಉರುಳೆಯ ಸುತ್ತ ಹಗ್ಗ ಹೊಸೆದ ಹಾಗೆ ತಿರುಚಿಕೊಂಡ ಐದು ಅಲಗು, ಅದರ ಕೆಳಗೆ ಅಲುಗಾಡದ ಒಂದು ಚಪ್ಪಟೆ ಅಲಗು. ಮೇಲಿನದು ತಿರುಗುತ್ತಾ ಕೆಳಗಿನದನ್ನು ಸವರಿಕೊಂಡು ಹೋದರೆ ನಡುವೆ ಸಿಕ್ಕ ಹುಲ್ಲು ಕತ್ತರಿಗೆ ಸಿಕ್ಕ ಹಾಗೆ. ಹರಿತ ಮಾಡುವಾಗ ಗಾಲಿ ತೆಗೆದು ಆ ಜಾಗಕ್ಕೆ ಒಂದು ಹಿಡಿ ಸಿಕ್ಕಿಸಿ ಉರುಳೆಯನ್ನು ಹಿಂದಕ್ಕೆ ತಿರುಗಿಸಬೇಕು. ಮುಂದಕ್ಕೆ ತಿರುಗಿಸಿದರೆ ಅದು ಕತ್ತರಿಸುತ್ತದೆ, ಹಿಂದಕ್ಕೆ ತಿರುಗಿಸಿದರೆ ಮಸೆಯುತ್ತದೆ. ಒಬ್ಬರು ತಿರುಗಿಸುತ್ತಿದ್ದರೆ ಇನ್ನೊಬ್ಬರು ಕುರುಂದದ ಕಲ್ಲಿನ ಪುಡಿಯನ್ನು ಸಾಸಿವೆ ಎಣ್ಣೆಯಲ್ಲಿ ಕಲಸಿ ಕುಂಚದಿಂದ ಅಲಗಿಗೆ ಹಚ್ಚುತ್ತಾ, ಶಬ್ದ ಕೇಳುತ್ತಾ, ಎರಡು ಬದಿಯ ತಿರುಪನ್ನು ಕೂದಲೆಳೆಯಷ್ಟು ಬಿಗಿಯುತ್ತಾ ಇರಬೇಕು. ಅದು ಅಪ್ಪಯ್ಯನ ಕೆಲಸ. ಒಬ್ಬರಿಂದ ಎರಡೂ ಆಗುವುದಿಲ್ಲ. ಆಳು ಇಡುವ ಶಕ್ತಿ ನಮಗೆ ಇರಲಿಲ್ಲ.

ಮನೆಯಲ್ಲಿ ದಿನಾ ಜಗಳವಿದ್ದದ್ದು ಈ ಸಾಸಿವೆ ಎಣ್ಣೆಯ ಮೇಲೆ. ತೆಂಗಿನೆಣ್ಣೆ ಸಿಗದಾಗ ಅಪ್ಪಯ್ಯ ಇದನ್ನೇ ಒಗ್ಗರಣೆಗೆ ಹಾಕು ಅನ್ನುತ್ತಿದ್ದರು.

“ಮಿಷನ್ನಿಗೆ ಹಾಕುವ ಎಣ್ಣೆ ನನ್ನ ಬಾಣಲೆಗೆ ಬೇಡ.”

“ಇಡೀ ದಿಲ್ಲಿ ಇದನ್ನೇ ತಿಂತದೆ ಮಾರಾಯ್ತಿ.”

“ಇಡೀ ದಿಲ್ಲಿ ತಟ್ಟೆಯನ್ನೂ ತೊಳೀತದೆ. ನೀವು ತೊಳೆದ್ರಾ?”

ಅಮ್ಮನ ಹೆಸರು ಪದ್ಮಾವತಿ. ಗಟ್ಟಿ ಹೆಂಗಸು, ಮಾತು ಕಮ್ಮಿ, ಆಡಿದರೆ ಹೀಗೆ. ಮೊದಲು ಹಿಡಿ ತಿರುಗಿಸುತ್ತಿದ್ದವಳು ಅವಳೇ. ಹಿಂದಿನ ವರ್ಷ ಎತ್ತಿನ ಮಿಷನ್ನೊಂದು ಬಂದಿತ್ತು. ಮೂರು ದಿನ ತಿರುಗಿಸಿದಳು. ಮೂರನೆಯ ದಿನ ತಿರುಗಿಸುತ್ತಿದ್ದವಳು ನಿಲ್ಲಿಸಿ ಗೋಡೆ ಹಿಡಿದಳು. ಹೊಟ್ಟೆಯಲ್ಲಿದ್ದದ್ದು ಹೋಯಿತು. ಅದಕ್ಕಿಂತ ಮೊದಲೂ ಒಂದು ಹೀಗೇ ಹೋಗಿತ್ತಂತೆ. ಬಕೆಟ್ಟು ಹೊತ್ತು ಹೊರಗೆ ಚೆಲ್ಲಿ ಬಂದವಳು ನಾನು. ಚೌಧರೈನ್ ಬಾಗಿಲಲ್ಲಿ ನಿಂತು ಅಪ್ಪಯ್ಯನಿಗೆ, “ಔರತ್ ಹೈ, ಬೈಲ್ ನಹೀಂ ಹೈ” ಅಂದಳು. ಹೆಂಗಸು, ಎತ್ತಲ್ಲ ಅಂತ. ಮರುದಿನದಿಂದ ಹಿಡಿ ನನ್ನ ಕೈಗೆ ಬಂತು. ಶಾಲೆಗೆ ಮೊದಲು ಒಂದು ಮಿಷನ್ನು, ಶಾಲೆಯಿಂದ ಬಂದ ಮೇಲೆ ಒಂದು. ಮುನಿರ್ಕಾದ ಶಾಲೆ ನಮ್ಮ ಓಣಿಯ ಕೊನೆಯಲ್ಲೇ ಇತ್ತು, ಐದನೆಯ ಕ್ಲಾಸಿನವರೆಗೆ ಮಾತ್ರ.

ಮಸೆದಾದ ಮೇಲೆ ಕಾಗದದ ಪರೀಕ್ಷೆ. ಅಲಗನ್ನು ಸೀಮೆಎಣ್ಣೆಯಿಂದ ಒರೆಸಿ, ಬೆರಳಗಲದ ಕಾಗದದ ಪಟ್ಟಿಯನ್ನು ಕೆಳಗಿನ ಅಲಗಿನ ಮೇಲೆ ಚಾಚಿ, ಉರುಳೆಯನ್ನು ನಿಧಾನ ಮುಂದಕ್ಕೆ ತಿರುಗಿಸುವುದು. ಕಾಗದ ಕತ್ತರಿಸಿ ಬಿದ್ದರೆ ಪಾಸು, ಮಡಚಿಕೊಂಡರೆ ಫೇಲು. ಪ್ರತಿ ಅಲಗಿಗೂ ಮೂರು ಕಡೆ, ಎಡಕ್ಕೆ, ನಡುವಿಗೆ, ಬಲಕ್ಕೆ. ಅಮ್ಮ ವರ್ಷಗಟ್ಟಲೆ ಹಿಡಿ ತಿರುಗಿಸಿದ್ದರೂ ಈ ಹೊತ್ತಿಗೆ ಎದ್ದು ಅಡಿಗೆಗೆ ಹೋಗುತ್ತಿದ್ದಳು, ಪರೀಕ್ಷೆ ಅವಳು ಮಾಡಿದವಳಲ್ಲ. ನನಗೆ ಅಪ್ಪಯ್ಯ ಕಲಿಸಿದರು. ಮೊದಲ ಸಲ ಹಳೆಯ ನ್ಯೂಸ್‌ಪೇಪರಿನ ಪಟ್ಟಿ, ಕೊನೆಯ ಸಲ ಹರಿದ ಗಾಳಿಪಟದ ಕಾಗದ. ಮುನಿರ್ಕಾದ ಛಾವಣಿಗಳ ಮೇಲೆ ಬೇಕಾದಷ್ಟು ಗಾಳಿಪಟ ಬೀಳುತ್ತಿದ್ದವು, ಹೆಕ್ಕಿ ತಂದು ಅಪ್ಪಯ್ಯನ ತಗಡಿನ ಪೆಟ್ಟಿಗೆ ತುಂಬಿಸುವುದು ನನ್ನ ಕೆಲಸ. ಒಮ್ಮೆ ನಾನು ಅಂಗಡಿಯ ರಟ್ಟಿನಂಥ ಕಾಗದ ಹಾಕಿದ್ದಕ್ಕೆ ಬೆನ್ನಿಗೆ ಒಂದು ಬಿಟ್ಟರು.

“ದಪ್ಪ ಕಾಗದ ಮೋಸ ಮಾಡ್ತದೆ. ಅದನ್ನು ಮೊಂಡು ಅಲಗೂ ಕತ್ತರಿಸ್ತದೆ. ತೆಳುವನ್ನು ಕತ್ತರಿಸಿದರೆ ಮಾತ್ರ ಅಲಗು. ತಿಳೀತಾ?”

ನನಗೆ ತಿಳಿಯಿತು. ಅಪ್ಪಯ್ಯನಿಗೆ ಒಂದಕ್ಷರ ಬರುತ್ತಿರಲಿಲ್ಲ, ಆದರೆ ಕಣ್ಣು ಮುಚ್ಚಿಕೊಂಡು ಎರಡು ಬೆರಳಲ್ಲಿ ಉಜ್ಜಿ ಇದು ಯಾವ ಕಾಗದ ಅಂತ ಹೇಳುತ್ತಿದ್ದರು.

ನಾನು ಆ ಪೇಪರಿನ ಪಟ್ಟಿಗಳನ್ನು ಅಲಗಿಗೆ ಕೊಡುವ ಮೊದಲು ಓದುತ್ತಿದ್ದೆ. ಓದುವುದಕ್ಕೆ ಬೇರೇನೂ ಇರಲಿಲ್ಲ. ಸರೋಜಿನಿ ನಗರದಲ್ಲಿ ಶಾರದಮ್ಮ ಅಂತ ಮೈಸೂರಿನ ಕಡೆಯವರೊಬ್ಬರಿದ್ದರು, ಸರಕಾರಿ ಆಫೀಸರರ ಹೆಂಡತಿ. ಅವರ ಅಂಗಳದಲ್ಲೇ ಮಿಷನ್ನು ಬಿಚ್ಚಿ ಕೂತಿದ್ದಾಗ ಒಮ್ಮೆ ನನ್ನನ್ನು ಹಿಡಿದರು.

“ಏನೇ ಅದು, ಮೂಗಿಗೆ ಹಿಡ್ಕೊಂಡು ನೋಡ್ತಿದ್ದೀಯ?”

“ಓದ್ತಿದ್ದೇನೆ.”

“ಏನು ಬರ್ದಿದೆ?”

“ಮಂತ್ರೀಜಿ ನೇ ಕಹಾ ಕಿ, ಅಂತ ಉಂಟು. ಎಂತ ಹೇಳಿದರು ಅನ್ನೋದನ್ನು ಅಪ್ಪಯ್ಯ ಕತ್ತರಿಸಿಬಿಟ್ಟರು.”

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಬಿಡಲಿಲ್ಲ. ನಾನು ಐದು ಮುಗಿಸುವವರೆಗೆ ಕಾದು, ತಮ್ಮ ಮನೆಯ ಹತ್ತಿರದ ದೊಡ್ಡ ಹೆಣ್ಣುಮಕ್ಕಳ ಶಾಲೆಯಲ್ಲಿ ಆರನೆಯ ಕ್ಲಾಸಿಗೆ ಯಾರ್ಯಾರನ್ನೋ ಕೇಳಿ ಸೀಟು ಮಾಡಿಸಿದರು. ಹಳೆಯ ಶಾಲೆಯಿಂದ ಟಿ.ಸಿ. ತಂದುಕೊಟ್ಟರೆ ಸಾಕು. ಮಂಗಳವಾರ ಬೆಳಿಗ್ಗೆ ದೊಡ್ಡ ರಸ್ತೆಯಲ್ಲಿ ನಿಂತಿರು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಅಂದರು. ಅಪ್ಪಯ್ಯ ಕೂಡಲೇ ಆಗಲಿ ಅಂದರು. ಬಂಗಲೆಯವರು ಕಳಿಸುವ ಚೀಟಿಗಳನ್ನು ಓದಿಸಲು ಪಾನ್ ಅಂಗಡಿಯವನ ಮುಂದೆ ನಿಂತು ನಿಂತು ಅವರಿಗೆ ಸಾಕಾಗಿತ್ತು. ಅಮ್ಮ ಮಾತ್ರ ಕೇಳಿದಳು.

“ಹೋಗಿ ಬರುವುದಕ್ಕೇ ಎರಡು ಗಂಟೆ. ಹಿಡಿ ಯಾರು ತಿರುಗಿಸೋದು?”

“ಸಂಜೆ ಬಂದು ತಿರುಗಿಸ್ತಾಳೆ.”

“ಹುಲ್ಲು ಬೆಳೆಯೋ ತಿಂಗಳಲ್ಲಿ? ದಿನಕ್ಕೆ ಮೂರು ಮಿಷನ್ನು ಬಂದಾಗ?”

“ಆಗ ನೋಡುವ.”

ಆ ಹುಲ್ಲು ಬೆಳೆಯುವ ತಿಂಗಳು ಆಗಲೇ ಶುರುವಾಗಿತ್ತು. ಟಿ.ಸಿ. ತಂದ ದಿನ ಅಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬಟ್ಟೆಯಷ್ಟು ದಪ್ಪದ ಕಾಗದ, ಮೂಲೆಯಲ್ಲಿ ನೇರಳೆ ಬಣ್ಣದ ಗುಂಡು ಮುದ್ರೆ. ತಾನೇ ಅದಕ್ಕೆ ಅರಿಶಿನ ಕುಂಕುಮ ಮುಟ್ಟಿಸಿ, ಅಕ್ಕಿ ಡಬ್ಬದ ಕೆಳಗೆ ಇಟ್ಟಳು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸೋಮವಾರ ಮಧ್ಯಾಹ್ನ ಅಮ್ಮ ನನ್ನನ್ನು ಸೀಮೆಎಣ್ಣೆಯ ಸಾಲಿಗೆ ಕಳಿಸಿದಳು. ಅಪ್ಪಯ್ಯ ಒಂದು ಮಿಷನ್ನು ವಾಪಸು ಕೊಡಲು ಹೋಗಿದ್ದರು. ಸಾಲು ಉದ್ದವಿತ್ತು. ನಾನು ಡಬ್ಬ ಹೊತ್ತು ಬಂದಾಗ ಅಪ್ಪಯ್ಯ ಮಾಡಿನ ಕೆಳಗೆ ನಿಂತಿದ್ದರು, ಆಗಷ್ಟೇ ಬಂದವರು, ತಲೆಗೆ ಸುತ್ತಿದ ಟವೆಲು ಇನ್ನೂ ತೆಗೆದಿರಲಿಲ್ಲ. ಅಮ್ಮ ಒಳಗೆ ನಮಗೆ ಬೆನ್ನು ಹಾಕಿ ಅಕ್ಕಿ ಆರಿಸುತ್ತಿದ್ದಳು. ಮಿಷನ್ನಿನ ಕೆಳಗೆ ಕಾಗದದ ತುಂಡುಗಳು ಬಿದ್ದಿದ್ದವು. ಬೀಳುವುದು ದಿನದ ಮಾತು, ನಾನು ನೋಡಬೇಕಾಗಿರಲಿಲ್ಲ. ನೇರಳೆ ಬಣ್ಣ ಕಂಡಿತು. ಮುದ್ರೆ ನಾಲ್ಕು ತುಂಡಾಗಿತ್ತು. ನನ್ನ ಹೆಸರು ಎರಡು ತುಂಡಾಗಿತ್ತು. ನಾನು ಕಿರುಚಿದ್ದು ನನಗೆ ನೆನಪಿಲ್ಲ, ಸೀಮೆಎಣ್ಣೆ ಚೆಲ್ಲಿ ಕಾಲು ಒದ್ದೆಯಾದದ್ದು ನೆನಪಿದೆ. ಅಪ್ಪಯ್ಯ ನನ್ನನ್ನು ನೋಡಿದರು. ಆಮೇಲೆ ಅಮ್ಮನ ಬೆನ್ನನ್ನು ನೋಡಿದರು. ಆಮೇಲೆ ಕೂತುಬಿಟ್ಟರು.

“ನಾನೇ ಮಗಾ. ಗೊತ್ತಾಗಲಿಲ್ಲ. ಕಾಗದ ಅಂತ ತೆಗೆದೆ, ಪರೀಕ್ಷೆಗೆ ಹಾಕಿದೆ. ನನಗೆ ಅಕ್ಷರ ಬರ್ತದಾ?”

ಕಿರುಚಾಟ ಕೇಳಿ ಚೌಧರೈನ್ ಸಗಣಿಯ ಕೈಯಲ್ಲೇ ಓಡಿ ಬಂದಳು. ಅಪ್ಪಯ್ಯ ಅವಳಿಗೂ ಹಿಂದಿಯಲ್ಲಿ ಅದನ್ನೇ ಹೇಳಿದರು.

“ಅರೇ ಮದ್ರಾಸೀ! ಛೋರೀ ಕಾ ಕಾಗಜ್ ಕಾಟ್ ಡಾಲಾ? ಸಾಥ್ ಮೇ ಅಕಲ್ ಭೀ ಕಾಟ್ ದೀ?”

ಮಗಳ ಕಾಗದದ ಜೊತೆ ಬುದ್ಧಿಯನ್ನೂ ಕತ್ತರಿಸಿಕೊಂಡೆಯಾ ಅಂತ. ಅಪ್ಪಯ್ಯ ತಲೆ ತಗ್ಗಿಸಿ ಬೈಸಿಕೊಂಡರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಮೊದಲು ನೋಡಿದ್ದು ಅವತ್ತು. ಓದು ಬಾರದವನು ಪಾಪ, ಏನು ಮಾಡಿಯಾನು ಅಂತ ಓಣಿಯವರೆಲ್ಲ ಹೇಳಿ ಹೋದರು. ನಾನೂ ನಂಬಿದೆ.

ಆಮೇಲೆ ಗಂಜಿ ತಂದು ತುಂಡುಗಳನ್ನು ಅಂಟಿಸಲು ಕೂತೆ. ಒಂದು ತುಂಡನ್ನು ಎತ್ತಿ ಹಿಡಿದಾಗ ನನ್ನ ಬೆರಳಿಗೆ ಗೊತ್ತಾಯಿತು. ಇದು ದಪ್ಪ ಕಾಗದ. ದಪ್ಪ ಕಾಗದ ಹಾಕಿದ್ದಕ್ಕೆ ನನ್ನ ಬೆನ್ನಿಗೆ ಹೊಡೆದ ಮನುಷ್ಯ ಇದನ್ನು ಪರೀಕ್ಷೆಗೆ ಹಾಕಿದರಾ? ಪೆಟ್ಟಿಗೆ ತೆರೆದು ನೋಡಿದೆ. ನಾನೇ ಹೆಕ್ಕಿ ತುಂಬಿಸಿದ ಗಾಳಿಪಟದ ಕಾಗದ ಬಾಯಿಯವರೆಗೆ ಇತ್ತು. ಅವರಿಗೆ ಅಕ್ಷರ ಬರುವುದಿಲ್ಲ, ಸರಿ. ಬೆರಳಿಗೆ ಏನಾಗಿತ್ತು? ಕತ್ತರಿಸಿದ್ದು ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದೇ. ಆ ಅಳು? ಅದೂ ನಾಟಕವಾ? ಅಂಟಿಸುವುದನ್ನು ಬಿಟ್ಟೆ. ತುಂಡುಗಳನ್ನೆಲ್ಲ ಲಂಗದ ಅಂಚಿಗೆ ಕಟ್ಟಿಕೊಂಡು ಊಟದ ಹೊತ್ತಿಗೆ ಕಾದೆ. ನಾವು ಬೆಳಕಿರುವಾಗಲೇ ಉಣ್ಣುತ್ತಿದ್ದೆವು, ಮಾಡಿನ ಕೆಳಗೆ. ಅನ್ನ, ಹುರುಳಿ ಸಾರು.

“ಅಪ್ಪಯ್ಯ, ದಪ್ಪ ಕಾಗದ ಯಾಕೆ ಹಾಕಿದಿರಿ?”

ಅವರ ಕೈ ತಟ್ಟೆಯಲ್ಲೇ ನಿಂತಿತು.

“ಕೈಗೆ ಸಿಕ್ಕಿತು, ಹಾಕಿದೆ.”

“ಅಕ್ಕಿ ಡಬ್ಬದ ಅಡಿಯಿಂದ ಕೈಗೆ ಸಿಕ್ಕಿತಾ?”

“ಉಣ್ಣು ಈಗ.”

“ಬೇಕಂತಲೇ ಕತ್ತರಿಸಿದಿರಿ ನೀವು.”

ಅಮ್ಮ ಸೌಟು ಹಿಡಿದು ಸಾರು ಬಡಿಸುತ್ತಿದ್ದವಳು, ಉಪ್ಪು ಕಡಿಮೆಯಾಗಿದೆ ಅಂತ ಹೇಳುವ ಧ್ವನಿಯಲ್ಲಿ ಹೇಳಿದಳು.

“ಅವರಿಗೆ ಅನ್ನಬೇಡ. ಕತ್ತರಿಸಿದ್ದು ನಾನು.”

“ಪದ್ದು, ಸುಮ್ನಿರು.”

“ಎಂತಕ್ಕೆ ಸುಮ್ನಿರೋದು? ಅವಳು ಹಿಡಿದಾಯ್ತು. ನಿಮಗೆ ಸುಳ್ಳು ಹೇಳಲಿಕ್ಕೂ ಬರೋದಿಲ್ಲ.” ನನ್ನ ಕಡೆ ತಿರುಗಿದಳು. “ನೀನು ಸೀಮೆಎಣ್ಣೆಗೆ ಹೋದಾಗ ಕತ್ತರಿಸಿದೆ. ಇವರಿಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳಾಯ್ತು ನನಗೆ. ನೀನು ಶಾಲೆಗೆ ಹೋದರೆ ಹಿಡಿ ನನಗೆ ಬರ್ತದೆ. ಈ ಸಲ ಇದು ಉಳೀಬೇಕು.”

ಹೊಟ್ಟೆಯ ಕಡೆ ನೋಡಿದೆ. ಸೆರಗು ಹೊದ್ದಿದ್ದಳು, ಏನೂ ಕಾಣಲಿಲ್ಲ. ಇಷ್ಟು ಹೇಳಿದೆ.

“ನನ್ನನ್ನು ಕೇಳಬಹುದಿತ್ತಲ್ಲ.”

“ಕೇಳಿದ್ದರೆ, ಶಾಲೆ ಬೇಡ ಅಂತಿದ್ಯಾ?”

ಅವಳು ನನ್ನ ತಟ್ಟೆಗೆ ಸಾರು ಬಿಟ್ಟಳು.

“ಅನ್ನುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ. ಅನ್ನ ಆರ್ತದೆ, ಉಣ್ಣು.”

ಉಂಡೆ. ಎರಡನೆಯ ಸಲ ಬಡಿಸಿಕೊಂಡೂ ಉಂಡೆ. ದಂಗುಬಡಿದವರಿಗೆ ಹಸಿವಿರುವುದಿಲ್ಲ ಅನ್ನುತ್ತಾರೆ, ಸುಳ್ಳು. ಅವಳು ಕಾಗದವನ್ನು ಒಲೆಗೆ ಹಾಕಬಹುದಿತ್ತು. ಎಮ್ಮೆಯ ಮುಂದೆ ಎಸೆಯಬಹುದಿತ್ತು. ಹಾಗೆ ಮಾಡಿದ್ದರೆ ಯಾರು ಅಂತ ಹುಡುಕಾಟ ನಡೆಯುತ್ತಿತ್ತು. ಅಲಗಿಗೆ ಕೊಟ್ಟರೆ ನಮ್ಮ ಮನೆಯಲ್ಲಿ ಅದು ತಪ್ಪಿ ಆದ ಕೆಲಸ ಅನ್ನಿಸುತ್ತದೆ, ಓದು ಬಾರದ ಗಂಡನ ತಲೆಯ ಮೇಲೆ ಬೀಳುತ್ತದೆ. ಅಷ್ಟು ಯೋಚನೆ ಮಾಡಿದ್ದಳು. ಕಾಗದದಲ್ಲಿ ದಪ್ಪ ತೆಳು ಇದೆ ಅನ್ನುವುದು ಒಂದು ಅವಳಿಗೆ ಗೊತ್ತಿರಲಿಲ್ಲ. ಅರಿಶಿನ ಕುಂಕುಮ ಹಚ್ಚಿದ ಬೆರಳು, ಅದೇ ಬೆರಳು, ಪಟ್ಟಿ ಪಟ್ಟಿ ಮಾಡಿ ಒಂದೊಂದಾಗಿ ಅಲಗಿಗೆ ಹಿಡಿದಿತ್ತು. ಇಂಥದ್ದನ್ನು ಪರರು ಮಾಡುತ್ತಾರೆ ಅಂತ ನಾನು ತಿಳಿದಿದ್ದೆ. ಅವಳು ಮಾಡಿದ್ದು ತಪ್ಪು ಅಂತ ನಾನು ಇವತ್ತೂ ಹೇಳುವುದಿಲ್ಲ. ಸರಿ ಅಂತಲೂ ಹೇಳುವುದಿಲ್ಲ. ನಾನೂ ಹೆತ್ತಿದ್ದೇನೆ, ಆದರೂ ಗೊತ್ತಾಗಿಲ್ಲ.

ಆ ಮಗು ಉಳಿಯಿತು. ನನ್ನ ತಮ್ಮ. ಈಗ ಗ್ರೇಟರ್ ನೋಯ್ಡಾದಲ್ಲಿ ಅವನ ಫ್ಲ್ಯಾಟಿನಲ್ಲೇ ನಾನಿರುವುದು. ಒಳ್ಳೆಯವನು, ಗೊರಕೆಯೊಂದು ಬಿಟ್ಟರೆ. ಕೆಳಗೆ ಸೊಸೈಟಿಯ ಭಯ್ಯಾ ಪೆಟ್ರೋಲ್ ಮಿಷನ್ನು ಓಡಿಸುತ್ತಾನೆ, ಅಲಗು ಮೊಂಡು. ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ, ಎರಡು ದಿನದಲ್ಲಿ ತುದಿ ಕೆಂಪಾಗುತ್ತದೆ. ನಾನು ಬಾಲ್ಕನಿಯಿಂದ ಬೈದರೆ ತಮ್ಮನ ಮಗಳು, “ಅತ್ತೆ, ಛೋಡೋ ನಾ, ಹುಲ್ಲು ತಾನೇ” ಅನ್ನುತ್ತಾಳೆ. ಓದಿನ ಮಾತು ಬಂದರೆ ತಮ್ಮ, ನಮ್ಮ ಅಕ್ಕನಿಗೆ ಓದು ಹತ್ತಲಿಲ್ಲ ಅನ್ನುತ್ತಾನೆ. ನಾನು ಹೂಂ ಅನ್ನುತ್ತೇನೆ. ಇದನ್ನು ಓದಿದ ಮೇಲೆ ಅವನಿಗೆ ಗೊತ್ತಾಗುತ್ತದೆ. ಗೊತ್ತಾಗಲಿ. ಅಪ್ಪಯ್ಯ, ಅಮ್ಮ ಇಬ್ಬರೂ ಇಲ್ಲ ಈಗ, ಯಾರ ಮರ್ಯಾದೆ ಕಾಯಬೇಕು?

ಆ ಸೋಮವಾರದ ಮರುದಿನ ಬೆಳಿಗ್ಗೆ ನಾನು ತಲೆ ಬಾಚಿಕೊಂಡು, ಯಾರಿಗೂ ಏನೂ ಹೇಳದೆ, ಕಾಗದದ ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ದೊಡ್ಡ ರಸ್ತೆಗೆ ಹೋದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು, ತಡೆಯಲಿಲ್ಲ. ಶಾರದಮ್ಮ ಆಟೋದಿಂದ ಇಳಿದರು.

“ಬಾ ಬಾ, ಹೊತ್ತಾಯ್ತು. ಕಾಗದ ಎಲ್ಲಿ?”

ಮುಷ್ಟಿ ಬಿಚ್ಚಿ ತೋರಿಸಿದೆ.

“ಅಯ್ಯೋ ದೇವರೇ! ಯಾರೇ ಮಾಡಿದ್ದು?”

“ನಾನು.”

“ನೀನಾ? ಯಾಕೆ?”

“ಶಾಲೆ ಬೇಡ ನನಗೆ.”

ಅವರು ನನ್ನ ಗಲ್ಲ ಹಿಡಿದು ಮುಖ ಎತ್ತಿದರು.

“ನಿಜ ಹೇಳು. ಮನೇಲಿ ಯಾರಾದ್ರೂ ಹೆದರಿಸಿದ್ರಾ? ಇನ್ನೊಂದು ಟಿ.ಸಿ. ಮಾಡಿಸ್ಬೋದು ಕಣೇ, ಎರಡು ದಿನದ ಕೆಲಸ. ನಾನು ಮಾಡಿಸ್ತೀನಿ. ಒಂದು ಮಾತು ಹೇಳು ಸಾಕು.”

ರಸ್ತೆ ಬದಿಯ ನಲ್ಲಿಯ ಹತ್ತಿರ ಚೌಧರೈನ್ ನೀರು ತುಂಬುತ್ತಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲ, ಆದರೆ ನನ್ನ ಕೈಯಲ್ಲಿದ್ದ ತುಂಡುಗಳು ಕಂಡವು. ಅದಕ್ಕೆ ನಾನು ಎಲ್ಲರಿಗೂ ಕೇಳುವ ಹಾಗೆ ಅದನ್ನೇ ಹಿಂದಿಯಲ್ಲೂ ಹೇಳಿದೆ.

“ಮೈನೇ ಕಾಟಾ. ಮುಝೇ ನಹೀಂ ಪಢ್‌ನಾ.”

ಚೌಧರೈನ್ ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಬಾಯಿ ಮುಚ್ಚಿಕೊಂಡಳು. ಅವಳ ಬಿಂದಿಗೆ ತುಂಬಿ ಹೊರಗೆ ಹರಿಯುತ್ತಿತ್ತು. ಶಾರದಮ್ಮ ನನ್ನ ಗಲ್ಲ ಬಿಟ್ಟರು.

“ಕೊಬ್ಬು ಕಣೇ ನಿನಗೆ. ಎಷ್ಟು ಜನರ ಹತ್ರ ಹಲ್ಲು ಗಿಂಜಿದೆ ನಿನಗೋಸ್ಕರ, ಗೊತ್ತಾ?”

ಆಟೋ ತಿರುಗಿ ಹೋಯಿತು. ತುಂಡುಗಳನ್ನು ಅಲ್ಲೇ ಚರಂಡಿಗೆ ಬಿಟ್ಟು ಮನೆಗೆ ಬಂದೆ. ಮಾಡಿನ ಕೆಳಗೆ ಮಿಷನ್ನು ಬಿಚ್ಚಿಟ್ಟಿತ್ತು. ಅಪ್ಪಯ್ಯ ಎಣ್ಣೆಯ ಕುಂಚ ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ನಾನು ಶಾರದಮ್ಮನ ಜೊತೆ ಹೊರಟೇಹೋದೆ ಅಂತ ತಿಳಿದು ಅಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನನ್ನ ಜಾಗದಲ್ಲಿ ಕೂತು, ಎರಡೂ ಕೈಯಿಂದ ಹಿಡಿ ಹಿಡಿದಿದ್ದಳು.

“ಏಳು” ಅಂದೆ.

ಎದ್ದಳು.